ಕೆರೆಯ ನೀರಿಗೆ ಒಂದು ಬಾಟಲಿ ಸಾಲದು: ನಮ್ಮ ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರೇ, ನಮಸ್ಕಾರ.

ನಮ್ಮೂರ ಡೇರಿಯಲ್ಲಿ ಹಾಲನ್ನು ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಪರೀಕ್ಷೆ ಮಾಡುತ್ತಾರೆ. ಡಿಗ್ರಿ ಕಮ್ಮಿ ಬಂದರೆ ವಾಪಸ್ಸು. ಆ ಹಸು ತಿನ್ನುವ ಹುಲ್ಲು ಬೆಳೆಯುವುದು ಬೈರಮಂಗಲ ಕೆರೆಯ ನೀರಿನಲ್ಲಿ. ಆ ನೀರನ್ನು ಮಾತ್ರ ಯಾವಾಗಲೋ ಒಂದು ದಿನ ಬಂದು ಬಾಟಲಿಗೆ ತುಂಬಿಕೊಂಡು ಹೋಗುತ್ತಾರೆ. ಅದೂ ಹಗಲು ಹೊತ್ತಿನಲ್ಲಿ.

ವೃಷಭಾವತಿ ಹೊಳೆ ಬೆಂಗಳೂರಿನ ಕೊಳಚೆಯ ಜೊತೆ ಕಾರ್ಖಾನೆಗಳ ನೀರನ್ನೂ ಹೊತ್ತು, ಕೆಂಗೇರಿ ದಾಟಿ ನಮ್ಮ ಕೆರೆಗೆ ಬರುತ್ತದೆ. ಮುಂದೆ ಅರ್ಕಾವತಿ, ಆಮೇಲೆ ಕಾವೇರಿ. ಮನೆಗಳ ಕೊಳಚೆ ದಿನವೂ ಬರುವಂಥದ್ದು. ಲೋಹ ಬೆರೆತ ನೀರು ಹಾಗಲ್ಲ, ಯಾರಾದರೂ ಬಿಟ್ಟಾಗ ಬರುತ್ತದೆ. ರಾತ್ರಿ 2 ಗಂಟೆಗೆ ಬಿಟ್ಟದ್ದು ಬೆಳಿಗ್ಗೆ 11ರ ಬಾಟಲಿಯಲ್ಲಿ ಹೇಗೆ ಸಿಗಬೇಕು? ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗಾಯಿತು.

ಇದಕ್ಕೆ ಪ್ಯಾಸಿವ್ ಸ್ಯಾಂಪ್ಲರ್ ಅಂತ ಒಂದು ಸಾಧನವಿದೆ. ನಾನು ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡುವವನು, ಸ್ವಲ್ಪ ಜಾಸ್ತಿ ಹೇಳಿದರೆ ಬೇಸರ ಮಾಡಿಕೊಳ್ಳಬೇಡಿ. ಅದರಲ್ಲಿ ಲೋಹಗಳಿಗೆ ಬಳಸುವ ಡಿಜಿಟಿ ಎಂಬ ಬಗೆಯನ್ನು 1994ರಲ್ಲಿ ಇಂಗ್ಲೆಂಡಿನ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದವರು ಜಗತ್ತಿನ ಮುಂದಿಟ್ಟರು. ಅಂಗೈಯಲ್ಲಿ ಹಿಡಿಸುವ ಪ್ಲಾಸ್ಟಿಕ್ ಬಿಲ್ಲೆ. ಒಳಗೆ ತೆಳುವಾದ ಜೆಲ್, ಅದರ ಕೆಳಗೆ ಲೋಹವನ್ನು ಹಿಡಿದಿಡುವ ರಾಳದ ಪದರ. ಮಳೆಗಾಲದಲ್ಲಿ ಉಪ್ಪು ತೇವ ಎಳೆದುಕೊಳ್ಳುತ್ತದಲ್ವಾ, ಹಾಗೆ ಸತು, ತಾಮ್ರ, ನಿಕ್ಕಲ್, ಕ್ಯಾಡ್ಮಿಯಂಗಳನ್ನು ಹಗಲು ರಾತ್ರಿ ಎಳೆದುಕೊಳ್ಳುತ್ತದೆ. ಕರೆಂಟು ಬೇಡ, ಪಂಪು ಬೇಡ. ಒಂದೆರಡು ವಾರ ನೀರಿನಲ್ಲಿ ಮುಳುಗಿಸಿಟ್ಟು, ಆಮೇಲೆ ತೆಗೆದು ಲ್ಯಾಬಿಗೆ ಕೊಟ್ಟರೆ, ಸಿಕ್ಕ ಲೋಹದ ಪ್ರಮಾಣ, ಮುಳುಗಿದ್ದ ದಿನಗಳು, ನೀರಿನ ಉಷ್ಣತೆ ಇಟ್ಟುಕೊಂಡು ಅಷ್ಟೂ ದಿನಗಳ ಸರಾಸರಿ ಲೆಕ್ಕ ಹಾಕುತ್ತಾರೆ. ಕೀಟನಾಶಕ, ಔಷಧಿಗಳಿಗೆ ಬೇರೆ ಬಗೆಯವಿವೆ. ಇಂಥ ಸ್ಯಾಂಪ್ಲರ್‌ಗಳನ್ನು ಬಳಸುವ ಬಗ್ಗೆ 2011ರಿಂದಲೇ ಐಎಸ್‌ಒ ಎಂಬ ಅಂತರರಾಷ್ಟ್ರೀಯ ಮಾನಕ ಸಂಸ್ಥೆಯ ಮಾರ್ಗಸೂಚಿಯೂ ಇದೆ.

ಇದು ಮಂತ್ರದಂಡವೇನಲ್ಲ. ಯಾವ ರಾತ್ರಿ ಬಿಟ್ಟರು ಅಂತ ಬಿಲ್ಲೆ ಹೇಳುವುದಿಲ್ಲ. ನಮ್ಮ ನೀರಿನಲ್ಲಿ ಬೇಗ ಲೋಳೆ ಕಟ್ಟುತ್ತದೆ, ಜಾಸ್ತಿ ದಿನ ಬಿಟ್ಟರೆ ಲೆಕ್ಕ ತಪ್ಪುತ್ತದೆ. ಕಾರ್ಖಾನೆಗಳ ಮೇಲೆ ಕೇಸು ಹಾಕಲು ಬಾಟಲಿಯ ಮಾದರಿಯೇ ಬೇಕು.

ಆದರೆ ಆ ಬಾಟಲಿ ಹಿಡಿದು ಎಲ್ಲಿ ನಿಲ್ಲಬೇಕು ಅನ್ನೋದು ಬಿಲ್ಲೆಯಿಂದ ಗೊತ್ತಾಗುತ್ತದೆ. ಕೆಂಗೇರಿಯ ಮೇಲೆ ಒಂದು, ಕೆಳಗೆ ಒಂದು, ದೊಡ್ಡ ಮೋರಿಗಳು ಸೇರುವ ಕಡೆಯಲ್ಲೆಲ್ಲ ಒಂದೊಂದು, ಕೆರೆಯ ತೂಬಿನಲ್ಲಿ ಒಂದು. ಎರಡು ಬಿಲ್ಲೆಗಳ ನಡುವೆ ಲೋಹ ದಿಢೀರನೆ ಏರಿದರೆ, ಅದು ಸೇರಿಕೊಂಡ ಜಾಗ ಅವೆರಡರ ಮಧ್ಯೆಯೇ ಎಲ್ಲೋ ಇದೆ. ರಾತ್ರಿ ಕಾವಲು ಅಲ್ಲಿ ಹಾಕಿಸಿ.

ಮಾಲಿನ್ಯ ನಿಯಂತ್ರಣ ಮಂಡಳಿಗೆ ನೀವು ಒಂದು ಪತ್ರ ಬರೆಯಿರಿ. ಈ ಬೇಸಿಗೆಯಲ್ಲೇ, ಹೊಳೆಯಲ್ಲಿ ಮಳೆನೀರು ಬೆರೆಯುವ ಮೊದಲು, ಎರಡು ವಾರದ ಒಂದು ಪರೀಕ್ಷೆ ಮಾಡಿಸಿ. ಫಲಿತಾಂಶವನ್ನು ಪಂಚಾಯಿತಿ ಬೋರ್ಡಿನಲ್ಲಿ ಕನ್ನಡದಲ್ಲಿ ಹಾಕಿಸಿ. ತೂಬಿನ ಬಳಿ ಬಿಲ್ಲೆ ಕಟ್ಟಲು ಗಟ್ಟಿ ಕಲ್ಲುಕಂಬ ಇದೆ. ಯಾರೂ ಕಿತ್ತುಕೊಂಡು ಹೋಗದ ಹಾಗೆ ನೋಡಿಕೊಳ್ಳುವುದು ನಮಗೆ ಬಿಡಿ.

ಇಂತಿ,
ಬೈರಮಂಗಲ ಕೆರೆಯ ಕೆಳಗಿನ ಒಬ್ಬ ರೈತನ ಮಗ