ಆಂಬುಲೆನ್ಸ್ ಬರುವ ಮುನ್ನ: ಎತ್ತಿ ಕೂರಿಸುವ ಆತುರ ಬೇಡ

ಮಾನ್ಯ ಸಂಪಾದಕರೇ,

ಪ್ರಥಮ ಚಿಕಿತ್ಸೆ ಕುರಿತು ಪತ್ರಿಕೆಗಳ ಆರೋಗ್ಯ ಪುಟದಲ್ಲಿ ಆಗಾಗ ಪುಟ್ಟ ಚೌಕಟ್ಟಿನ ಬರಹಗಳು ಬರುತ್ತವೆ. ಬಹುಪಾಲು ‘ಗಾಬರಿಯಾಗಬೇಡಿ’ ಎಂದು ಶುರುವಾಗಿ ‘ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ’ ಎಂದು ಮುಗಿಯುತ್ತವೆ. ಎರಡೂ ಸರಿಯೇ. ಆದರೆ ನಡುವಿನ ಐದು-ಹತ್ತು ನಿಮಿಷ ಕೈಗೆ ಏನು ಕೆಲಸ ಎಂಬುದು ಅಲ್ಲಿರುವುದಿಲ್ಲ. ಇದ್ದರೂ ಎಷ್ಟು ಹೊತ್ತು, ಎಷ್ಟು ಬಲವಾಗಿ, ಯಾವ ಜಾಗದಲ್ಲಿ ಎಂಬ ವಿವರ ಬಿಟ್ಟುಹೋಗಿರುತ್ತದೆ. ಆ ಖಾಲಿ ಜಾಗವನ್ನು ಒಳ್ಳೆಯ ಮನಸ್ಸಿನ ಆತುರ ತುಂಬುತ್ತದೆ: ಬಿದ್ದವರನ್ನು ಎತ್ತಿ ಕೂರಿಸುವುದು, ಬಾಯಿಗೆ ನೀರು ಹಾಕುವುದು, ಕೈಕಾಲು ಉಜ್ಜುವುದು. ಮೊದಲ ಎರಡು ಜೀವಕ್ಕೇ ಎರವಾಗಬಲ್ಲವು, ಮೂರನೆಯದು ಸಮಯ ಹಾಳು.

ತಲೆಸುತ್ತಿ ಬಿದ್ದವರು ಸಾಮಾನ್ಯವಾಗಿ ಬೀಳುವುದೇ ಮಿದುಳಿಗೆ ಒಂದು ಗಳಿಗೆ ರಕ್ತ ಸಾಲದೆ. ಮಲಗಿದಾಗ ತಲೆ, ಹೃದಯ ಒಂದೇ ಮಟ್ಟಕ್ಕೆ ಬಂದು ರಕ್ತ ಸಲೀಸಾಗಿ ತಲುಪುತ್ತದೆ. ಅದು ದೇಹ ತಾನೇ ಮಾಡಿಕೊಂಡ ಚಿಕಿತ್ಸೆ. ಹಿಡಿದೆತ್ತಿ ಕುರ್ಚಿಯಲ್ಲಿ ಕೂರಿಸಿದರೆ ಆ ಉಪಕಾರವೆಲ್ಲ ಹೋಯಿತು. ಕತ್ತು ಎದೆಯ ಮೇಲೆ ವಾಲಿ ಉಸಿರಿನ ದಾರಿಯೂ ಮಡಚಿಕೊಳ್ಳುತ್ತದೆ. ಇನ್ನು ಎಚ್ಚರ ಇಲ್ಲದವರ ಬಾಯಿಗೆ ಹಾಕಿದ ನೀರು. ನುಂಗುವ, ಕೆಮ್ಮುವ ಶಕ್ತಿಯೇ ಆಗ ಇರುವುದಿಲ್ಲವಾದ್ದರಿಂದ ಅದು ಹೊಟ್ಟೆಗೆ ಹೋಗುವ ಬದಲು ಶ್ವಾಸಕೋಶಕ್ಕೆ ಇಳಿಯಬಹುದು.

ಹಾಗಾದರೆ ಮೊದಲು ಏನು? ಮೊದಲು ಸುತ್ತ ನೋಡಬೇಕು. ವಿದ್ಯುತ್ ತಂತಿ, ಬರುತ್ತಿರುವ ವಾಹನ, ಹೊಗೆ, ಅನಿಲ ಇದ್ದರೆ ಹತ್ತಿರ ಹೋದವರೂ ಬೀಳುತ್ತಾರೆ. ಆಮೇಲೆ ಎರಡೂ ಭುಜ ತಟ್ಟಿ ಜೋರಾಗಿ ಕರೆಯುವುದು. ಉತ್ತರ ಇಲ್ಲದಿದ್ದರೆ ಫೋನಿನ ಸ್ಪೀಕರ್ ಹಾಕಿ ಆಂಬುಲೆನ್ಸ್‌ಗೆ ಕರೆ ಮಾಡಿ ಪಕ್ಕದಲ್ಲಿಡುವುದು, ಕೈಗಳು ಕೆಲಸಕ್ಕೆ ಖಾಲಿ ಇರಲಿ. ಹಣೆಯ ಮೇಲೊಂದು ಕೈ, ಗದ್ದದ ಮೂಳೆಯ ಕೆಳಗೆ ಎರಡು ಬೆರಳು ಇಟ್ಟು ತಲೆಯನ್ನು ಮೆಲ್ಲಗೆ ಹಿಂದಕ್ಕೆ ಬಾಗಿಸಿ, ಎದೆ ಏರಿಳಿಯುತ್ತಿದೆಯೇ ಎಂದು ನೋಡುವುದು. ಇದಕ್ಕೆ 10 ಸೆಕೆಂಡಿಗಿಂತ ಹೆಚ್ಚು ಬೇಡ. ನಾಡಿ ಹುಡುಕುತ್ತಾ ಕೂರುವುದೂ ಬೇಡ. ಗಾಬರಿಯಲ್ಲಿ ತಮ್ಮ ಬೆರಳಿನ ನಾಡಿಯನ್ನೇ ಇನ್ನೊಬ್ಬರದೆಂದು ತಿಳಿಯುವುದು ಬಹಳ ಸುಲಭ.

ಎಲ್ಲಕ್ಕಿಂತ ಹೆಚ್ಚು ಮೋಸ ಮಾಡುವುದು ಹೃದಯ ನಿಂತ ಮೇಲಿನ ತೇಕು. ನೀರಿನಿಂದ ಹೊರಗೆ ತೆಗೆದ ಮೀನಿನಂತೆ ಬಾಯಿ ತೆರೆಯುತ್ತದೆ, ದವಡೆ ಎಳೆಯುತ್ತದೆ, ಗೊರಕೆಯಂಥ ಒಂದು ಸದ್ದು. ಆಮೇಲೆ ಎಷ್ಟೋ ಸೆಕೆಂಡು ಏನೂ ಇಲ್ಲ. ಮತ್ತೆ ಒಂದು ತೇಕು. ‘ಉಸಿರಾಡ್ತಾ ಇದ್ದಾರೆ’ ಎಂದು ನೆರೆದವರು ಸಮಾಧಾನಪಟ್ಟುಕೊಳ್ಳುತ್ತಾರೆ. ಅದು ಉಸಿರಾಟವಲ್ಲ. ರಕ್ತ ಸಿಗದ ಮಿದುಳಿನ ಬುಡ ಕಳಿಸುವ ಕೊನೆಯ ಪ್ರತಿಕ್ರಿಯೆ. ಹೃದಯ ನಿಂತ ಮೊದಲ ನಿಮಿಷಗಳಲ್ಲಿ ಅನೇಕರಲ್ಲಿ ಕಾಣುವಂಥದ್ದು. ಕೆಲವರಲ್ಲಿ ಮೊದಲಿಗೆ ಕೈಕಾಲು ಸೆಳೆದು ಫಿಟ್ಸ್‌ನಂತೆಯೂ ಕಾಣುತ್ತದೆ. ಎಚ್ಚರವಿಲ್ಲ, ಉಸಿರು ಸಹಜವಾಗಿಲ್ಲ ಎಂದಾದರೆ ಅನುಮಾನ ಬೇಡ, ಎದೆ ಒತ್ತಲು ಶುರು ಮಾಡಬೇಕು.

ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ ಎದೆಮೂಳೆಯ ಕೆಳ ಅರ್ಧದ ಮೇಲೆ, ಎದೆಯ ನಟ್ಟನಡುವೆ, ಒಂದು ಅಂಗೈ ಬುಡವಿಟ್ಟು ಅದರ ಮೇಲೆ ಇನ್ನೊಂದು ಕೈ. ಹೃದಯ ಎಡಕ್ಕಿದೆ ಎಂದು ಎಡಗಡೆ ಒತ್ತಿದರೆ ಪಕ್ಕೆಲುಬಷ್ಟೇ ಮುರಿಯುತ್ತದೆ. ಮೊಣಕೈ ನೆಟ್ಟಗೆ, ಭುಜ ಸರಿಯಾಗಿ ಕೈಗಳ ಮೇಲೆ. ತೋಳಿನ ಬಲದಿಂದ ಅಲ್ಲ, ಸೊಂಟದಿಂದ ಬಾಗಿ ಮೈಭಾರದಿಂದ ಒತ್ತಬೇಕು. ದೊಡ್ಡವರಿಗೆ ಆಳ 5ರಿಂದ 6 ಸೆಂ.ಮೀ., ವೇಗ ನಿಮಿಷಕ್ಕೆ 100ರಿಂದ 120. ಒತ್ತುವುದರಷ್ಟೇ ಬಿಡುವುದೂ ಮುಖ್ಯ: ಎದೆ ಪೂರ್ತಿ ಮೇಲೇಳುವಾಗಲೇ ಹೃದಯಕ್ಕೆ ರಕ್ತ ವಾಪಸು ತುಂಬುವುದು. ದಣಿದವರು ಗೊತ್ತಿಲ್ಲದೆಯೇ ಎದೆಯ ಮೇಲೆ ಒರಗಿಕೊಳ್ಳುತ್ತಾರೆ, ಆಗ ಖಾಲಿ ಹೃದಯವನ್ನು ಹಿಂಡಿದಂತಾಗುತ್ತದೆ. ಅದಕ್ಕೇ ಎರಡು ನಿಮಿಷಕ್ಕೊಮ್ಮೆ ಆಳು ಬದಲಾಗಬೇಕು, ಅದೂ ಹೆಚ್ಚು ಬಿಡುವಿಲ್ಲದೆ. ನಿಲ್ಲಿಸಿದ ಕೂಡಲೇ ರಕ್ತದ ಒತ್ತಡ ಬೀಳುತ್ತದೆ, ಅದನ್ನು ಮತ್ತೆ ಏರಿಸಲು ಹಲವು ಒತ್ತು ಬೇಕು. ಬಾಯಿಗೆ ಬಾಯಿಟ್ಟು ಉಸಿರು ಕೊಡಲು ಕಲಿತವರು 30 ಒತ್ತಿಗೆ 2 ಉಸಿರು ಕೊಡಲಿ. ಬಾರದವರು ಬರೀ ಒತ್ತುತ್ತಿರಲಿ. ಮಕ್ಕಳು ಮತ್ತು ನೀರಲ್ಲಿ ಮುಳುಗಿದವರ ವಿಷಯ ಬೇರೆ, ಅಲ್ಲಿ ಮೊದಲು ಕೊರತೆಯಾಗಿದ್ದೇ ಉಸಿರು. ಉಸಿರು ಕೊಡದಿದ್ದರೆ ಒತ್ತಿದ್ದು ಅರೆಕೆಲಸ. ಪಕ್ಕೆಲುಬು ‘ಕಟ್’ ಎಂದರೆ ಕೈಯಿಟ್ಟ ಜಾಗ ಸರಿಯಿದೆಯೇ ನೋಡಿ ಮುಂದುವರಿಸಬೇಕು. ಮುರಿದ ಪಕ್ಕೆಲುಬು ಕೂಡಿಕೊಳ್ಳುತ್ತದೆ.

ಎಇಡಿ, ಅಂದರೆ ಹೃದಯಕ್ಕೆ ವಿದ್ಯುತ್ ಆಘಾತ ಕೊಡುವ ಪುಟ್ಟ ಯಂತ್ರ, ಹತ್ತಿರವಿದ್ದರೆ ತರಿಸಿ ಸ್ವಿಚ್ ಒತ್ತಿದರೆ ಸಾಕು, ಮುಂದಿನದನ್ನು ಅದೇ ಹೇಳುತ್ತದೆ. ಒಂದು ಪ್ಯಾಡ್ ಬಲ ಕೊರಳೆಲುಬಿನ ಕೆಳಗೆ, ಇನ್ನೊಂದು ಎಡ ಕಂಕುಳಿನ ಕೆಳಗೆ ಪಕ್ಕಕ್ಕೆ. ಎದೆ ಒದ್ದೆಯಿದ್ದರೆ ಒರೆಸಿ ಅಂಟಿಸಬೇಕು.

ಎಚ್ಚರ ಇಲ್ಲ, ಆದರೆ ಉಸಿರು ಸಹಜವಾಗಿದೆ ಎಂದಾದರೆ ಒಂದು ಮಗ್ಗುಲಿಗೆ ಹೊರಳಿಸಿ, ಮೇಲಿನ ಮೊಣಕಾಲು ಮುಂದಕ್ಕೆ ಮಡಚಿ, ಬಾಯಿ ನೆಲದ ಕಡೆ ಇರುವಂತೆ ಮಾಡಿದರೆ ಸಾಕು. ಅಂಗಾತ ಇದ್ದರೆ ನಾಲಿಗೆ ಹಿಂದಕ್ಕೆ ಜಾರುತ್ತದೆ, ವಾಂತಿಯಾದರೆ ಗಂಟಲಲ್ಲೇ ನಿಲ್ಲುತ್ತದೆ. ಉಸಿರನ್ನು ಮಾತ್ರ ಆಗಾಗ ನೋಡುತ್ತಲೇ ಇರಬೇಕು.

ಇನ್ನು ರಕ್ತ. ದೊಡ್ಡವರ ಮೈಯಲ್ಲಿ ಸುಮಾರು 5 ಲೀಟರ್ ಇರುತ್ತದೆ. ದೊಡ್ಡ ಅಪಧಮನಿ (ಹೃದಯದಿಂದ ರಕ್ತ ಒಯ್ಯುವ ನಾಳ) ತುಂಡಾದರೆ ಕೆಲವೇ ನಿಮಿಷದಲ್ಲಿ ಜೀವ ಹೋಗಬಹುದು. ಚಿಮ್ಮುವ, ನೆಲದಲ್ಲಿ ಮಡುಗಟ್ಟುವ, ಬಟ್ಟೆ ತೋಯಿಸಿ ಹರಿಯುವ ರಕ್ತ ಕಂಡರೆ ಬೇರೆ ಕೆಲಸ ಆಮೇಲೆ. ಶುಭ್ರವಾದ ಬಟ್ಟೆಯನ್ನು ದಪ್ಪಗೆ ಮಡಚಿ, ಗಾಯದಲ್ಲಿ ರಕ್ತ ಬರುವ ಜಾಗದ ಮೇಲೇ ಇಟ್ಟು, ಎರಡೂ ಕೈಯಿಂದ ಮೈಭಾರ ಹಾಕಿ ಒತ್ತಬೇಕು. ಗಡಿಯಾರ ನೋಡಿ ಹತ್ತು ನಿಮಿಷ. ಎಲ್ಲರೂ ಸೋಲುವುದು ಇಲ್ಲೇ. ಎರಡು ನಿಮಿಷಕ್ಕೆ ‘ನಿಂತಿತೇ’ ಎಂದು ಎತ್ತಿ ನೋಡುತ್ತಾರೆ. ಆಗಷ್ಟೇ ಹೆಪ್ಪುಗಟ್ಟುತ್ತಿದ್ದ ಪದರ ಬಟ್ಟೆಗಂಟಿಕೊಂಡು ಕಿತ್ತುಬರುತ್ತದೆ, ಲೆಕ್ಕ ಮತ್ತೆ ಸೊನ್ನೆಯಿಂದ ಶುರು. ಬಟ್ಟೆ ತೊಯ್ದರೆ ತೆಗೆಯದೆ ಮೇಲೊಂದು ಇಡಬಹುದು. ಅದೂ ತೊಯ್ದರೆ ಒತ್ತುತ್ತಿರುವ ಜಾಗವೇ ತಪ್ಪಿದೆ ಎಂದರ್ಥ. ಬಟ್ಟೆಯ ಮೇಲೆ ಬಟ್ಟೆ ಪೇರಿಸಿದಷ್ಟೂ ಒತ್ತಡ ಅಗಲಕ್ಕೆ ಹಂಚಿಹೋಗುತ್ತದೆ. ತೊಡೆಸಂದಿ, ಕಂಕುಳಿನ ಆಳದ ಗಾಯಕ್ಕೆ ಬ್ಯಾಂಡೇಜಿನ ಗಾಜ್ ಬಟ್ಟೆಯನ್ನು ಬೆರಳಿನಿಂದ ಒಳಗೆ ತುರುಕಿ, ತಳ ಮುಟ್ಟುವವರೆಗೆ ತುಂಬಿ, ಅದರ ಮೇಲೆ ಒತ್ತಬೇಕು. ಎದೆ, ಹೊಟ್ಟೆಯ ಗಾಯಕ್ಕೆ ಹೀಗೆ ತುರುಕಬಾರದು. ಚುಚ್ಚಿ ನಿಂತ ಚಾಕು, ಗಾಜು, ಸರಳು ಏನಿದ್ದರೂ ಕೀಳಬಾರದು, ಅದೇ ಬಿರಡೆಯ ಕೆಲಸ ಮಾಡುತ್ತಿರಬಹುದು. ಅಲುಗಾಡದಂತೆ ಎರಡೂ ಕಡೆ ಬಟ್ಟೆಯ ಸುರುಳಿ ಇಟ್ಟು ಕಟ್ಟಬೇಕು.

ಕೈಕಾಲಿನ ರಕ್ತ ಒತ್ತಿದರೂ ನಿಲ್ಲದಿದ್ದರೆ ಟೂರ್ನಿಕೆಟ್, ಅಂದರೆ ರಕ್ತದ ಹರಿವು ತಡೆಯಲು ಬಿಗಿಯುವ ಪಟ್ಟಿ. ಗಾಯದಿಂದ 5–7 ಸೆಂ.ಮೀ. ಮೇಲೆ, ಮೊಣಕಾಲು-ಮೊಣಕೈ ಕೀಲು ಬಿಟ್ಟು, ರಕ್ತ ನಿಲ್ಲುವವರೆಗೆ ಬಿಗಿಯಬೇಕು. ಹಗ್ಗ, ತಂತಿ ಬೇಡ. ಕನಿಷ್ಠ 4 ಸೆಂ.ಮೀ. ಅಗಲದ ಪಟ್ಟಿ, ಅದನ್ನು ತಿರುವಲು ಒಂದು ಗಟ್ಟಿ ಕಡ್ಡಿ ಬೇಕು. ಅರೆಬರೆ ಬಿಗಿದರೆ ಕಟ್ಟದಿರುವುದಕ್ಕಿಂತ ಕೆಟ್ಟದ್ದು: ಮೇಲ್ಪದರದ ಅಭಿಧಮನಿ (ಹೃದಯಕ್ಕೆ ರಕ್ತ ವಾಪಸು ತರುವ ನಾಳ) ಮುಚ್ಚಿಕೊಂಡು, ಆಳದ ಅಪಧಮನಿ ಹರಿಯುತ್ತಲೇ ಇದ್ದು, ರಕ್ತಸ್ರಾವ ಹೆಚ್ಚುತ್ತದೆ. ಸರಿಯಾಗಿ ಬಿಗಿದರೆ ವಿಪರೀತ ನೋಯುತ್ತದೆ, ನೋವೆಂದು ಸಡಿಲಿಸಬಾರದು. ಬಿಗಿದ ಹೊತ್ತನ್ನು ಪಟ್ಟಿಯ ಮೇಲೋ ಹಣೆಯ ಮೇಲೋ ಬರೆಯಬೇಕು. ‘ಆಗಾಗ ಸಡಿಲಿಸಿ ರಕ್ತ ಬಿಡಿ’ ಎಂಬ ಹಳೆಯ ಉಪದೇಶ ಇನ್ನೂ ಚಲಾವಣೆಯಲ್ಲಿದೆ. ಆಸ್ಪತ್ರೆ ಮುಟ್ಟುವವರೆಗೆ ಅದನ್ನು ಬಿಚ್ಚಲೇಬಾರದು.

ತುಂಬ ರಕ್ತ ಹೋದವರು ಬಿಳಿಚಿಕೊಂಡು, ತಣ್ಣಗೆ ಬೆವತು, ಚಡಪಡಿಸುತ್ತಾ ‘ನೀರು, ನೀರು’ ಎನ್ನುತ್ತಾರೆ. ಆ ದಾಹವೇ ರಕ್ತ ಖಾಲಿಯಾಗುತ್ತಿರುವ ಗುರುತು. ಕರುಳು ಚುರುಕ್ ಎಂದರೂ ಕುಡಿಸಬಾರದು. ಶಸ್ತ್ರಚಿಕಿತ್ಸೆಗೆ ಅರಿವಳಿಕೆ ಕೊಡುವಾಗ ಹೊಟ್ಟೆಯಲ್ಲಿದ್ದದ್ದು ಶ್ವಾಸಕೋಶ ಸೇರುವ ಅಪಾಯವಿದೆ. ತುಟಿ ಒದ್ದೆ ಮಾಡಬಹುದು. ಮಲಗಿಸಿ ಕಂಬಳಿ ಹೊದಿಸುವುದು, ಮೈಯ ಕೆಳಗೂ ಏನಾದರೂ ಹಾಸುವುದು ಇದಕ್ಕಿಂತ ಎಷ್ಟೋ ಮೇಲು. ಮೈ ತಣ್ಣಗಾದಷ್ಟೂ ರಕ್ತ ಹೆಪ್ಪುಗಟ್ಟುವುದು ನಿಧಾನ.

ಸುಟ್ಟ ಗಾಯಕ್ಕೆ ಹರಿಯುವ ತಣ್ಣೀರು, 20 ನಿಮಿಷ. ಐಸ್ ಬೇಡ, ಪೇಸ್ಟ್ ಬೇಡ, ಎಣ್ಣೆ ಬೇಡ. ಬೆಂಕಿ ಆರಿದ ಮೇಲೂ ಚರ್ಮದೊಳಗೆ ಶಾಖ ಇಳಿಯುತ್ತಲೇ ಇರುತ್ತದೆ, ನೀರಿನ ಕೆಲಸ ಅದನ್ನು ಹೊರಗೆ ಎಳೆಯುವುದು. ತಡವಾದರೂ, ಮೂರು ಗಂಟೆಯೊಳಗೆ ಆದರೂ ಪ್ರಯೋಜನವಿದೆ. ಉಂಗುರ, ಬಳೆ, ವಾಚನ್ನು ಊತ ಏರುವ ಮೊದಲೇ ತೆಗೆದುಬಿಡಬೇಕು. ಚರ್ಮಕ್ಕಂಟಿದ ಬಟ್ಟೆಯನ್ನು ಎಳೆಯಬಾರದು.

ಫಿಟ್ಸ್ ಬಂದವರನ್ನು ಅದುಮಿ ಹಿಡಿಯುವುದು, ಹಲ್ಲಿನ ನಡುವೆ ಚಮಚ ತೂರಿಸುವುದು ಎರಡೂ ಗಾಯ ಮಾಡುವ ಕೆಲಸ. ನಾಲಿಗೆ ‘ನುಂಗಿಕೊಳ್ಳಲು’ ಯಾರಿಗೂ ಆಗದು. ತಲೆಯ ಕೆಳಗೆ ಮೆತ್ತಗಿನದೇನಾದರೂ ಇಟ್ಟು, ಸುತ್ತಲಿನ ವಸ್ತು ಸರಿಸಿ, ಗಡಿಯಾರ ನೋಡುತ್ತಿರಬೇಕು. ನಿಂತ ಮೇಲೆ ಮಗ್ಗುಲಿಗೆ ಹೊರಳಿಸಿ ಉಸಿರು ನೋಡುವುದು. 5 ನಿಮಿಷ ದಾಟಿದರೆ, ಎಚ್ಚರ ಬರುವ ಮೊದಲೇ ಮತ್ತೆ ಬಂದರೆ ತುರ್ತು.

ಗಂಟಲಿಗೆ ಏನಾದರೂ ಸಿಕ್ಕಿ ಕೆಮ್ಮುತ್ತಿರುವವರ ಬೆನ್ನಿಗೆ ಗುದ್ದಬೇಡಿ, ಕೆಮ್ಮಲು ಬಿಡಿ; ಕೆಮ್ಮಿಗಿಂತ ದೊಡ್ಡ ಮದ್ದಿಲ್ಲ. ಕೆಮ್ಮು ನಿಂತು, ಮಾತು ನಿಂತರೆ ಮುಂದಕ್ಕೆ ಬಾಗಿಸಿ ಎರಡು ಭುಜದೆಲುಬಿನ ನಡುವೆ ಅಂಗೈ ಬುಡದಿಂದ 5 ಏಟು, ಬಾರದಿದ್ದರೆ ಹೊಕ್ಕುಳಿಗಿಂತ ತುಸು ಮೇಲಕ್ಕೆ ಮುಷ್ಟಿಯಿಟ್ಟು ಒಳಕ್ಕೂ ಮೇಲಕ್ಕೂ 5 ಸಲ ಎಳೆತ, ಹೀಗೆ ಬದಲಿಸುತ್ತಾ ಹೋಗುವುದು. ಗರ್ಭಿಣಿಯರಿಗೆ ಮತ್ತು ವರ್ಷ ತುಂಬದ ಕೂಸಿಗೆ ಹೊಟ್ಟೆ ಒತ್ತುವಂತಿಲ್ಲ, ಎದೆ ಮಾತ್ರ. ಕಾಣದ ವಸ್ತುವಿಗಾಗಿ ಬಾಯಲ್ಲಿ ಬೆರಳಾಡಿಸಿದರೆ ಅದು ಇನ್ನೂ ಒಳಕ್ಕೆ ಹೋಗುತ್ತದೆ.

ಆಸ್ಪಿರಿನ್ ಬಗ್ಗೆ ಒಂದು ಮಾತು, ಏಕೆಂದರೆ ಚೌಕಟ್ಟಿನ ಬರಹಗಳಲ್ಲಿ ಹೃದಯಾಘಾತ, ಸ್ಟ್ರೋಕ್ ಅಕ್ಕಪಕ್ಕ ಕೂತಿರುತ್ತವೆ. ಎದೆ ಹಿಂಡಿದಂತೆ ನೋವು, ಬೆವರು, ನೋವು ತೋಳು-ದವಡೆಗೆ ಹರಡುವುದು: ಇಂಥವರನ್ನು ಒರಗಿಸಿ ಕೂರಿಸಿ, ನಡೆಸದೆ, ಎಚ್ಚರವಿದ್ದು ಅಲರ್ಜಿ, ರಕ್ತಸ್ರಾವದ ತೊಂದರೆ ಇಲ್ಲದಿದ್ದರೆ 300 ಮಿ.ಗ್ರಾಂ. ಆಸ್ಪಿರಿನ್ ಅಗಿದು ತಿನ್ನಿಸಬಹುದು. ಬಾಯಿ ಸೊಟ್ಟಗಾಗಿ, ಒಂದು ಕೈ ಎತ್ತಲಾಗದೆ, ಮಾತು ತೊದಲಿದರೆ ಅದು ಸ್ಟ್ರೋಕ್. ಅಲ್ಲಿ ಆಸ್ಪಿರಿನ್ ಕೊಡಲೇಬಾರದು. ಮಿದುಳಲ್ಲಿ ರಕ್ತನಾಳ ಕಟ್ಟಿದೆಯೋ ಒಡೆದಿದೆಯೋ ಸ್ಕ್ಯಾನ್ ಮಾಡದೆ ತಿಳಿಯುವುದಿಲ್ಲ, ಒಡೆದಿದ್ದರೆ ಆ ಮಾತ್ರೆ ಬೆಂಕಿಗೆ ತುಪ್ಪ. ಹೆಪ್ಪು ಕರಗಿಸುವ ಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕಾದ್ದರಿಂದ ‘ಕೊನೆಯ ಸಲ ಚೆನ್ನಾಗಿದ್ದದ್ದನ್ನು ನೋಡಿದ್ದು ಎಷ್ಟು ಗಂಟೆಗೆ’ ಎಂಬುದನ್ನು ನೆನಪಿಟ್ಟುಕೊಳ್ಳುವುದೇ ಮನೆಯವರು ಮಾಡಬಹುದಾದ ದೊಡ್ಡ ಉಪಕಾರ.

ಸಕ್ಕರೆ ಕಾಯಿಲೆಯವರು ಇದ್ದಕ್ಕಿದ್ದಂತೆ ನಡುಗಿ, ಬೆವತು, ಕುಡಿದವರಂತೆ ಮಾತಾಡಿದರೆ ಶುಗರ್ ಇಳಿದಿದೆ ಎಂದೇ ಹಿಡಿಯಬಹುದು. ನುಂಗುವ ಎಚ್ಚರ ಇದ್ದರೆ 15–20 ಗ್ರಾಂ ಗ್ಲೂಕೋಸ್ ಅಥವಾ ಸಕ್ಕರೆ, ಅಂದರೆ ನಾಲ್ಕು ಟೀ ಚಮಚದಷ್ಟು. 15 ನಿಮಿಷದಲ್ಲಿ ಸುಧಾರಿಸದಿದ್ದರೆ ಇನ್ನೊಮ್ಮೆ. ‘ಡಯಟ್’ ಪಾನೀಯದಲ್ಲಿ ಸಕ್ಕರೆಯೇ ಇಲ್ಲ, ಅದು ದಂಡ.

ಆದ್ದರಿಂದ ತಮ್ಮಲ್ಲಿ ಎರಡು ವಿನಂತಿ. ಪ್ರಥಮ ಚಿಕಿತ್ಸೆಯ ಚೌಕಟ್ಟು ಹಾಕುವಾಗ ಹತ್ತು ಕಾಯಿಲೆಗೆ ಒಂದೊಂದು ಸಾಲು ಬೇಡ. ವಾರಕ್ಕೊಂದೇ ವಿಷಯ ಇರಲಿ, ಆದರೆ ನಿಮಿಷ, ಸೆಂಟಿಮೀಟರ್, ಕೈಯಿಡುವ ಜಾಗ ಬಿಡದೆ ಅಚ್ಚಾಗಲಿ. ಎರಡನೆಯದು ಚಿತ್ರ. ಮೆತ್ತನೆಯ ಹಾಸಿಗೆಯ ಮೇಲೆ, ಮೊಣಕೈ ಬಾಗಿಸಿ ಎದೆ ಒತ್ತುವ ಚಿತ್ರ ಪಠ್ಯದ ಜೊತೆಗೆ ಬಂದರೆ ಓದುಗರ ನೆನಪಲ್ಲಿ ಉಳಿಯುವುದು ಚಿತ್ರವೇ. ಆ ಹಾಸಿಗೆಯಲ್ಲಿ ಒತ್ತಿದ 5 ಸೆಂ.ಮೀ.ನಲ್ಲಿ ಒಂದಿಷ್ಟು ಎದೆಯ ಪಾಲಾದರೆ ಉಳಿದದ್ದು ಹಾಸಿಗೆಯ ಪಾಲು.

– ಪ್ರಥಮ ಚಿಕಿತ್ಸೆ ತರಬೇತುದಾರರು