ಸೊನ್ನೆ ಬರೆಯಲು ಹೆದರಬೇಡ

ಲಕ್ಷ್ಮೇಶ್ವರ

ಚಿ. ಸಾವಿತ್ರಿಗೆ,

ದೊಡ್ಡಪ್ಪನ ಆಶೀರ್ವಾದಗಳು. ಇಲ್ಲಿ ಎಲ್ಲರೂ ಆರಾಮ ಇದ್ದೇವೆ, ನಿನ್ನ ದೊಡ್ಡವ್ವನ ಮೊಣಕಾಲು ಒಂದು ಬಿಟ್ಟು.

ಮುಂದಿನ ತಿಂಗಳಿಂದ ಮ್ಯಾಕ್ವಾರಿ ಜೌಗಿನಲ್ಲಿ ಕೆಲಸ ಶುರು ಅಂದೆಯಲ್ಲ, ಅದನ್ನು ಚಹಾದಂಗಡಿಯಲ್ಲಿ ಹೇಳಿದೆ. ಆಸ್ಟ್ರೇಲಿಯಾದಲ್ಲಿ ಹಕ್ಕಿ, ಕಪ್ಪೆ, ಮೀನಿನ ಸಲುವಾಗಿ ಡ್ಯಾಮಿನಿಂದ ನೀರು ಬಿಡುತ್ತಾರಂತೆ, ಬಿಟ್ಟ ಮೇಲೆ ಏನಾಯಿತು ಅಂತ ಲೆಕ್ಕ ಇಡುವುದು ನಮ್ಮ ಹುಡುಗಿಯ ಕೆಲಸ ಅಂತ. ಒಬ್ಬ ನಕ್ಕ. "ನಮ್ಮ ಕಾಲುವೆ ಕೊನೀಗೆ ನೀರು ಮುಟ್ಟಂಗಿಲ್ಲ, ಅಲ್ಲಿ ಹಕ್ಕಿಗೂ ಪಾಳಿ ಹಚ್ಯಾರೇನು?" ಅಂದ. ನನಗೆ ನಗು ಬರಲಿಲ್ಲ. ಕಾಲುವೆಯ ನೀರಿನ ಮಟ್ಟ ತೋರಿಸುವ ಗೇಜು ಓದುತ್ತ ಹೊಟ್ಟೆ ಹೊರೆದವನು ನಾನು. ನಿನ್ನ ಕೆಲಸ ನನಗೆ ದೂರದ್ದು ಅನ್ನಿಸಲೇ ಇಲ್ಲ.

ನಿನ್ನ ಅಪ್ಪನಿಗೂ ಹೇಳದ ಒಂದು ಮಾತು ಹೇಳುತ್ತೇನೆ. ಕೆಲಸಕ್ಕೆ ಸೇರಿದ ಎರಡನೇ ವರ್ಷ ಜ್ವರ ಬಂದು ಮೂರು ದಿನ ಮಲಗಿದ್ದೆ. ನಾಲ್ಕನೇ ದಿನ ಎದ್ದವನು ರಜಿಸ್ಟರ್ ತೆಗೆದು, ಹಿಂದಿನ ಅಂಕಿಯನ್ನೇ ಮೂರು ಸಾಲಿಗೂ ಇಳಿಸಿಬಿಟ್ಟೆ. ಆಮೇಲೆ ಗೇಜಿನ ಕಂಬ ನೋಡಲು ಹೋದರೆ, ಹಸಿ ಕೆಸರಿನ ಗೆರೆ ನಾನು ಬರೆದ ಅಂಕಿಗಿಂತ ಒಂದು ಮೊಳ ಮೇಲಿತ್ತು. ಮಧ್ಯೆ ಯಾವತ್ತೋ ಮೇಲಿನಿಂದ ನೀರು ಬಿಟ್ಟಿದ್ದರು. ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಆ ಮೂರು ಸಾಲು ಈಗಲೂ ಯಾವುದೋ ಕಪಾಟಿನಲ್ಲಿ ಸುಳ್ಳು ಹೇಳುತ್ತ ಕೂತಿರಬೇಕು.

ಅದಕ್ಕೇ ಹೇಳುವುದು. ಹೋಗಲಾಗದ ದಿನ "ನೋಡಲಿಲ್ಲ" ಅಂತ ಬರೆ. ಹೋಗಿ ನೋಡಿ ಒಂದೂ ಸಿಗದಿದ್ದರೆ ಸೊನ್ನೆ ಬರೆ. ಇವೆರಡೂ ಒಂದೇ ಅಲ್ಲ. ಖಾಲಿ ಬಿಟ್ಟರೆ ಮುಂದೆ ಓದುವವರಿಗೆ ಯಾವುದು ಯಾವುದೆಂದು ತಿಳಿಯುವುದಿಲ್ಲ. ಇಷ್ಟು ನೀರು ಬಿಟ್ಟ ಮೇಲೆ ಸೊನ್ನೆ ಬರೆಯಲು ಕೈ ಹಿಂದೆ ಸರಿಯುತ್ತದೆ, ನನಗೆ ಗೊತ್ತು. ಮೇಲಿನವರಿಗೂ ದೊಡ್ಡ ಸಂಖ್ಯೆಯೇ ಇಷ್ಟ.

ದೊಡ್ಡ ಸಂಖ್ಯೆಯ ಮೇಲೆ ನನಗೆ ಅನುಮಾನ ಜಾಸ್ತಿ. ನಮ್ಮ ಮಾಗಡಿ ಕೆರೆಯನ್ನೇ ನೋಡು. 2024ರಲ್ಲಿ ರಾಮ್ಸಾರ್ ಅನ್ನುವ, ಜಗತ್ತಿನ ಮುಖ್ಯ ಕೆರೆ-ಜೌಗುಗಳ ಪಟ್ಟಿಗೆ ಸೇರಿದ ಮೇಲೆ ನೋಡಲು ಬರುವವರು ಹೆಚ್ಚಾದರು. ಬಂದವರೆಲ್ಲ ಕೇಳುವುದು ಒಂದೇ, "ಈ ಸಲ ಎಷ್ಟು ಬಂದಿವೆ?" ಪಟ್ಟೆತಲೆ ಬಾತು ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯ ದಾಟಿ ಬರುತ್ತದೆ, ನಿಜ. ಆದರೆ ಅದು ಹಗಲು ಕೆರೆಯಲ್ಲಿ ಕೂತು, ಕತ್ತಲಾದ ಮೇಲೆ ಸುತ್ತಲಿನ ಹೊಲಗಳಿಗೆ ಮೇಯಲು ಹೋಗುವ ಹಕ್ಕಿ. ಕೆರೆಯಲ್ಲಿ ಕಡಿಮೆ ಕಂಡರೆ ತಪ್ಪು ಕೆರೆಯದೋ, ಹೊಲದ್ದೋ, ಹಿಮಾಲಯದ ಆಚೆಯದೋ? ಇನ್ನೊಂದು ಮಾತು. ಚೆನ್ನಾಗಿ ಮಳೆಯಾದ ವರ್ಷ ಎಲ್ಲಾ ಕೆರೆ ತುಂಬಿ ಹಕ್ಕಿಗಳು ಚೆದುರಿಹೋಗುತ್ತವೆ. ಬರದ ವರ್ಷ ಉಳಿದ ಒಂದು ಹೊಂಡದ ಸುತ್ತ ಬೆಳ್ಳಕ್ಕಿಗಳ ಜಾತ್ರೆ ನೆರೆಯುತ್ತದೆ, ಕೆಸರಿನಲ್ಲಿ ಒದ್ದಾಡುವ ಮೀನು ಹೆಕ್ಕಲು. ಫೋಟೋ ಚೆಂದ ಬರುತ್ತದೆ. ಆದರೆ ಅದು ಕೆರೆಯ ಕೊನೆಯ ಊಟ ಅಲ್ವಾ?

ನಿಮ್ಮಲ್ಲೂ ಹಾಗೇ ಇರಬೇಕು. ದೇಶದ ನಡುವಿನ ಆಯರ್ ಸರೋವರ ತುಂಬಿದರೆ ನಿನ್ನ ಹಕ್ಕಿಗಳು ಅಲ್ಲಿಗೆ ಹಾರಿ ಹೋಗಬಹುದು. ನೀನು ಜೌಗಿನಲ್ಲಿ ನೀರು ಸಾಲಲಿಲ್ಲ ಅಂತ ವರದಿ ಬರೆದುಬಿಡಬೇಡ. ಪೂರ್ವ ಆಸ್ಟ್ರೇಲಿಯಾದಲ್ಲಿ 1983ರಿಂದ ಪ್ರತಿ ವರ್ಷ ವಿಮಾನದಲ್ಲಿ ಸುತ್ತಿ ನೀರುಹಕ್ಕಿ ಎಣಿಸುತ್ತಾರೆ ಅಂದೆಯಲ್ಲ, ಆ ಹಳೇ ಲೆಕ್ಕ ಮೊದಲು ಓದು. ನೀನು ಹೋಗುವಾಗ ನೀರು ಆಗಲೇ ನಿಂತಿರುತ್ತದೆ. ಆ ಜಾಗ ಒಣಗಿದ್ದಾಗ ಹೇಗಿತ್ತು ಅಂತ ಕಂಡವರನ್ನು ಹುಡುಕಿ ಕೇಳು. ನೀರು ಬಿಡದ ಪಕ್ಕದ ಒಂದು ತಗ್ಗನ್ನೂ ಅದೇ ದಿನ ನೋಡಿ ಬಾ. ಅಲ್ಲಿಯೂ ಅಷ್ಟೇ ಹಕ್ಕಿ ಇದ್ದರೆ ಅವು ನಿಮ್ಮ ನೀರಿಗೆ ಬಂದವಲ್ಲ.

ನೀನು ಕಳಿಸಿದ ಕೆಂಬರಲು ಹಕ್ಕಿಯ (ಐಬಿಸ್) ಚಿತ್ರ ದೊಡ್ಡದು ಮಾಡಿ ನೋಡಿದೆ. ಕೊರಳಲ್ಲಿ ಒಣಹುಲ್ಲು ಸಿಕ್ಕಿಸಿಕೊಂಡ ಹಾಗಿದೆ. ಲಿಗ್ನಮ್ ಅನ್ನುವ ಅಲ್ಲಿನ ಜೌಗಿನ ಪೊದೆಯನ್ನು ತುಳಿದು ತುಳಿದು ಗೂಡಿನ ಹಾಸು ಮಾಡಿಕೊಳ್ಳುತ್ತದಂತೆ. ಅಂಥ ಗೂಡು ಸಾವಿರಗಟ್ಟಲೆ, ಒಂದಕ್ಕೊಂದು ಅಂಟಿಕೊಂಡು. ಬುಡದಲ್ಲಿ ನೀರು ದಿಢೀರನೆ ಇಳಿದರೆ ತಾಯಿ ತಂದೆ ಗೂಡು ಬಿಟ್ಟು ಹೋಗುತ್ತವೆ ಅಂದಾಗ ನನ್ನ ಗೇಜಿನ ಕಂಬ ನೆನಪಾಯಿತು. ಮೊಟ್ಟೆಗೇ ಮೂರು ವಾರದ ಮೇಲೆ ಬೇಕು, ಮರಿ ಹಾರಲು ಇನ್ನೂ ಒಂದು ತಿಂಗಳಿಗಿಂತ ಹೆಚ್ಚು. ಹೀಗಾಗಿ ಹಕ್ಕಿ ಎಣಿಸುವ ಮೊದಲು ಗೂಡಿನ ಬುಡದಲ್ಲಿ ಒಂದು ಕೋಲು ನೆಟ್ಟು ನೀರು ಅಳೆ. ಬರೆದಿಟ್ಟುಕೊಂಡು ಕೂರಬೇಡ, ಅವತ್ತೇ ಗೇಟಿನವರಿಗೆ ಮುಟ್ಟಿಸು. ಬರೆಂಡಾಂಗ್ ಡ್ಯಾಮಿನಿಂದ ಬಿಟ್ಟ ನೀರು ಜೌಗು ತಲುಪಲು ದಿನಗಟ್ಟಲೆ ಹಿಡಿಯುತ್ತದೆ. ಗೂಡು ಖಾಲಿಯಾದ ಮೇಲೆ ನೀರು ಬಂದರೆ ಏನು ಬಂತು? ದೊಡ್ಡ ಹಕ್ಕಿ ಎಷ್ಟು ಅನ್ನುವುದು ಆಮೇಲೆ, ಹಾರಿದ ಮರಿ ಎಷ್ಟು ಹೇಳು.

ನೀರಿನಿಂದ ಕೆಟ್ಟದ್ದೂ ಆಗುತ್ತದೆ, ಅದನ್ನೂ ಬರೆ. ಸೆಕೆಯಲ್ಲಿ ಒಣ ಎಲೆಯ ಮೇಲೆ ನೀರು ಹರಿದರೆ ಕೊಳೆತು ಕಪ್ಪಾಗಿ, ಉಸಿರಿಲ್ಲದೆ ಮೀನು ಸಾಯುತ್ತವಂತೆ. ಅಲ್ಲಿನವರಿಗೆ ಬೇಡವಾದ ಕಾರ್ಪ್ ಮೀನು ಹೊಸ ನೀರಲ್ಲಿ ಚೆನ್ನಾಗಿ ಮರಿ ಮಾಡುತ್ತದಂತೆ.

ಇನ್ನು ಅಲ್ಲಿನ ರೈತರು. 2010ರಲ್ಲಿ ಗ್ರಿಫಿತ್ ಎಂಬ ಊರಿನಲ್ಲಿ ರೈತರ ಪಾಲಿನ ನೀರು ಕಡಿಮೆ ಮಾಡಿ ನದಿಗೆ ಬಿಡುವ ಯೋಜನೆಯ ಕರಡನ್ನೇ ಸುಟ್ಟರು ಅಂತ ಓದಿದೆ. ನನಗೆ ಆಶ್ಚರ್ಯ ಆಗಲಿಲ್ಲ. ನೀನು ನರಗುಂದ, ನವಲಗುಂದದ ಸೀಮೆಯವಳು. 1980ರಲ್ಲಿ ಇಲ್ಲಿ ಕಾಲುವೆಯ ಕರದ ಮೇಲೆ ರೈತರು ಎದ್ದು ಗೋಲಿಬಾರ್ ಆದದ್ದು ಮನೆಯಲ್ಲಿ ಎಷ್ಟು ಸಲ ಕೇಳಿಲ್ಲ! ಬೇಲಿಯ ಆಚೆ ನಿಂತವರನ್ನು ಶತ್ರು ಅಂದುಕೊಳ್ಳಬೇಡ. ಅವರ ಮನೆಯಲ್ಲಿ ಚಹಾ ಕುಡಿ, ಸಕ್ಕರೆ ಕಡಿಮೆ ಇದ್ದರೂ. ನೀರು ಎಲ್ಲಿಯವರೆಗೆ ಏರುತ್ತಿತ್ತು ಅಂತ ಅವರಿಗೆ ಗೊತ್ತಿರುವಷ್ಟು ನಿಮ್ಮ ಉಪಗ್ರಹಕ್ಕೂ ಗೊತ್ತಿರುವುದಿಲ್ಲ. ನಿನ್ನ ಲೆಕ್ಕವನ್ನು ಅವರಿಗೂ ತೋರಿಸು, ಸೊನ್ನೆ ಇದ್ದ ಹಾಳೆಯನ್ನೂ ಸೇರಿಸಿ.

ಭಾನುವಾರ ಮಾಗಡಿಗೆ ಹೋಗಿದ್ದೆ. ಮೊದಲ ಗುಂಪು ಇಳಿದಿದೆ. ಎರಡು ಸಲ ಎಣಿಸಿದೆ, ಒಮ್ಮೆ 43, ಒಮ್ಮೆ 51. ಎರಡನ್ನೂ ಬರೆದಿಟ್ಟಿದ್ದೇನೆ. ನೀನು ಬಿಟ್ಟುಹೋದ ದುರ್ಬೀನಿನ ಎಡಗಣ್ಣಿಗೆ ಬೂಸು ಹಿಡಿದಿದೆ, ಹುಬ್ಬಳ್ಳಿಗೆ ರಿಪೇರಿಗೆ ಕೊಟ್ಟಿದ್ದೇನೆ.

ಇಂತಿ,
ನಿನ್ನ ದೊಡ್ಡಪ್ಪ