ಮುಳ್ಳುದುರುತ್ತಿದ್ದ ಸೀ ಅರ್ಚಿನ್‌ಗಳನ್ನು ಆರೋಗ್ಯವಾಗಿವೆ ಎಂದು ಮಾರಿದ ಬಗ್ಗೆ ದೂರು

ಇವರಿಗೆ,
ವ್ಯವಸ್ಥಾಪಕರು,
ಉಪ್ಪುನೀರಿನ ಅಕ್ವೇರಿಯಂ ಮಾರಾಟ ಮಳಿಗೆ,
ಬೆಂಗಳೂರು

ಮಾನ್ಯರೇ,

ಕಳೆದ ಶನಿವಾರ ನಿಮ್ಮ ಮಳಿಗೆಯಿಂದ ತರಿಸಿಕೊಂಡ ಮೂರು ಟಕ್ಸೀಡೊ ಅರ್ಚಿನ್‌ಗಳಲ್ಲಿ (ಮೈತುಂಬ ಮುಳ್ಳಿರುವ ಉರುಟು ಕಡಲಜೀವಿ ಸೀ ಅರ್ಚಿನ್‌ನ ಒಂದು ಬಗೆ) ಎರಡು ಮೂರೇ ದಿನದಲ್ಲಿ ಸತ್ತಿವೆ. ಉಳಿದದ್ದರ ಒಂದು ಬದಿ ಬೋಳಾಗಿದೆ. ಪ್ರಯಾಣದಲ್ಲಿ ಮುಳ್ಳು ಉದುರುವುದು ಮಾಮೂಲು, ನೀರಿಗೆ ಹೊಂದಿಸುವಾಗ ನಮ್ಮದೇ ತಪ್ಪಾಗಿದೆ ಎಂಬುದು ನಿಮ್ಮ ಸಿಬ್ಬಂದಿಯ ಉತ್ತರ. ಇದನ್ನು ಒಪ್ಪಲು ಸಾಧ್ಯವಿಲ್ಲ.

ನೀವು ಕಳಿಸಿದ ಚೀಲದ ನೀರಿನ ಸಾಂದ್ರತೆ ಉಪ್ಪಿನಂಶ ಅಳೆಯುವ ರಿಫ್ರ್ಯಾಕ್ಟೋಮೀಟರ್‌ನಲ್ಲಿ 1.019 ಬಂದಿದೆ, ಅಂದರೆ ಉಪ್ಪು ಇರಬೇಕಾದ್ದಕ್ಕಿಂತ ಕಡಿಮೆ. ಅದೇ ನೀರು ತಾಮ್ರದ ಟೆಸ್ಟ್ ಕಿಟ್‌ನಲ್ಲೂ ಬಣ್ಣ ಕೊಟ್ಟಿದೆ, ಅದರಲ್ಲಿ ತಾಮ್ರವಿದೆ. ಅಂದರೆ ಅರ್ಚಿನ್‌ಗಳನ್ನು ಮೀನಿನ ಟ್ಯಾಂಕ್‌ಗಳ ನೀರಿನಲ್ಲೇ ಇಟ್ಟಿದ್ದೀರಿ. ಮೀನುಗಳ ಬಿಳಿಚುಕ್ಕೆ ರೋಗ ತಡೆಯಲು ನೀರಿನ ಉಪ್ಪಿನಂಶ ಇಳಿಸಿ ತಾಮ್ರ ಹಾಕಿದರೆ ಮೀನು ತಾಳಿಕೊಳ್ಳುತ್ತದೆ, ಅರ್ಚಿನ್ ತಾಳುವುದಿಲ್ಲ. ಅದರ ಒಡಲಿನ ದ್ರವದ ಉಪ್ಪಿನಂಶ ಸುತ್ತಲಿನ ನೀರಿನೊಂದಿಗೇ ಏರಿಳಿಯುತ್ತದೆ, ಸರಿದೂಗಿಸಿಕೊಳ್ಳುವ ಶಕ್ತಿ ಅದಕ್ಕಿಲ್ಲ. ತಾಮ್ರವಂತೂ ಬೆನ್ನೆಲುಬಿಲ್ಲದ ಜೀವಿಗಳಿಗೆ ಚೂರೇ ಇದ್ದರೂ ವಿಷ. ಇಂಥ ನೀರಿನಿಂದ ಬಂದದ್ದನ್ನು 1.025ರ ಟ್ಯಾಂಕ್‌ಗೆ ಬಿಡುವ ಮೊದಲು ಹೊಂದಿಸಲೆಂದು ಆ ಟ್ಯಾಂಕ್‌ನ ನೀರನ್ನು ಸೆಕೆಂಡಿಗೆ ಎರಡು ಹನಿಯಂತೆ ಎರಡು ಗಂಟೆ ಹನಿಸಿದರೂ ಆಗಿಹೋದ ಹಾನಿ ಸರಿಹೋಗದು.

ಅರ್ಚಿನ್ ಆರೋಗ್ಯವಾಗಿದೆಯೇ ಎಂದು ತಿಳಿಯಲು ಮಳಿಗೆಯಲ್ಲಿ ಹತ್ತು ನಿಮಿಷ ಸಾಕು. ಮೊದಲು ಮುಳ್ಳು ನೋಡಬೇಕು: ನೆಟ್ಟಗೆ ನಿಂತಿರಬೇಕು, ಪ್ಲಾಸ್ಟಿಕ್ ಕಡ್ಡಿಯಿಂದ ಮೆಲ್ಲಗೆ ತಾಕಿದರೆ ಅಕ್ಕಪಕ್ಕದ ಮುಳ್ಳುಗಳು ತಾಕಿದ ಕಡೆಗೆ ವಾಲಬೇಕು. ಜೋತುಬಿದ್ದಿದ್ದರೆ, ಕೆಳಗಿನ ಮರಳಿನಲ್ಲಿ ಉದುರಿದ ಮುಳ್ಳು ಕಂಡರೆ ಅದನ್ನು ಮಾರಲೇಬಾರದು. ಟಕ್ಸೀಡೊದಲ್ಲಿ ಮುಳ್ಳಿನ ಸಾಲುಗಳ ನಡುವೆ ಮಖಮಲ್ಲಿನಂಥ ನೀಲಿ ಪಟ್ಟಿಗಳು ಸಹಜವಾಗಿಯೇ ಇರುತ್ತವೆ. ಅವನ್ನು ನಾವು ಬೋಳು ಎನ್ನುತ್ತಿಲ್ಲ. ಮುಳ್ಳಿನ ಸಾಲಿನ ಒಳಗೇ ಬಣ್ಣಗೆಟ್ಟ ಮಚ್ಚೆ ಕಂಡರೆ, ಚಿಪ್ಪು ಬೆಳ್ಳಗೆ ಬಯಲಾಗಿದ್ದರೆ, ಅದು ರೋಗ. ಲಗತ್ತಿಸಿದ ಫೋಟೊಗಳಲ್ಲಿ ಕಾಣುವುದು ಅದೇ.

ಮುಳ್ಳಿಗಿಂತ ನಂಬಬಹುದಾದ ಗುರುತು ಕೊಳವೆ ಪಾದಗಳು, ಅಂದರೆ ಮುಳ್ಳುಗಳ ನಡುವಿನಿಂದ ಚಾಚಿ ಹಿಡಿದುಕೊಳ್ಳುವ ತೆಳು ಕೊಳವೆಗಳು. ಆರೋಗ್ಯವಾಗಿರುವ ಅರ್ಚಿನ್ ಅವನ್ನು ಮುಳ್ಳಿಗಿಂತ ಆಚೆಗೂ ಚಾಚುತ್ತದೆ, ಗಾಜನ್ನು ಎಷ್ಟು ಬಿಗಿಯಾಗಿ ಹಿಡಿಯುತ್ತದೆಂದರೆ ಎಳೆದರೆ ಪಾದಗಳೇ ಹರಿಯುತ್ತವೆ. ಸುಲಭವಾಗಿ ಕೈಗೆ ಬಂದರೆ ಸಂಶಯಪಡಬೇಕು. ನೀರಿನೊಳಗೇ ತಲೆಕೆಳಗು ಮಾಡಿ ಕಲ್ಲಿನ ಮೇಲಿಟ್ಟರೆ ಕೆಲವೇ ನಿಮಿಷಗಳಲ್ಲಿ ತಾನೇ ಮಗುಚಿಕೊಳ್ಳಬೇಕು. ಆಗಲೇ ಅಡಿಯ ಬಾಯಿಯನ್ನೂ ನೋಡಿಬಿಡಬಹುದು: ಐದು ಹಲ್ಲು ಅಲುಗಾಡುತ್ತಿರಬೇಕು, ಸುತ್ತಲ ಪೊರೆ ಕುಸಿದಿರಬಾರದು. ಟಕ್ಸೀಡೊ ಮೈಮೇಲೆ ಚಿಪ್ಪಿನ ಚೂರು, ಪಾಚಿ ಹೊತ್ತು ತಿರುಗುತ್ತಿದ್ದರೆ ಅದೂ ಒಳ್ಳೆಯ ಗುರುತೇ. ನಮಗೆ ಬಂದವುಗಳ ಮೇಲೆ ಒಂದು ಚೂರೂ ಇರಲಿಲ್ಲ.

2022ರಲ್ಲಿ ಕೆರಿಬಿಯನ್ ಕಡಲಿನಲ್ಲಿ ಡಯಾಡೆಮಾ ಎಂಬ ಉದ್ದಮುಳ್ಳಿನ ಅರ್ಚಿನ್‌ಗಳು ರಾಶಿರಾಶಿಯಾಗಿ ಸತ್ತಾಗಲೂ ಕೊಳವೆ ಪಾದಗಳು ಹಿಡಿತ ಬಿಟ್ಟು, ಮುಳ್ಳುಗಳ ಚಲನೆ ಮಂದವಾಗಿ, ಆಮೇಲೆ ಮುಳ್ಳುಗಳು ಉದುರಿದವು. ಕಾರಣ ಸಿಲಿಯೇಟ್ ಎಂಬ ಏಕಕೋಶ ಜೀವಿ. ನಿಮ್ಮಲ್ಲೂ ಅದೇ ಇದೆ ಎಂದು ಹೇಳುತ್ತಿಲ್ಲ. ಆದರೆ ಮುಳ್ಳುದುರುವುದನ್ನು ಮಾಮೂಲು ಎಂದು ತಳ್ಳಿಹಾಕಿ, ಅದೇ ಬಲೆ, ಅದೇ ನೀರನ್ನು ಎಲ್ಲ ಟ್ಯಾಂಕ್‌ಗಳಿಗೂ ಬಳಸಿದರೆ ಸೋಂಕು ಯಾವುದೇ ಇರಲಿ, ಹರಡುತ್ತದೆ.

ಮೂರೂ ಅರ್ಚಿನ್‌ಗಳ ಹಣವನ್ನೂ ಸಾಗಣೆ ವೆಚ್ಚವನ್ನೂ 15 ದಿನಗಳೊಳಗೆ ಹಿಂದಿರುಗಿಸಬೇಕು. ಬೆನ್ನೆಲುಬಿಲ್ಲದ ಜೀವಿಗಳಿಗೆ ತಾಮ್ರ ಮುಟ್ಟದ ಟ್ಯಾಂಕ್‌ಗಳ ಬೇರೆ ಸಾಲು ಮಾಡಿ, 1.024ರಿಂದ 1.026ರ ನಡುವೆ ಸಾಂದ್ರತೆ ಕಾಯ್ದುಕೊಂಡು, ಆ ದಿನದ ಅಳತೆಯನ್ನು ಟ್ಯಾಂಕ್ ಮೇಲೆ ಬರೆದಿಡಬೇಕು. ಆನ್‌ಲೈನ್ ಆರ್ಡರ್ ಕಳಿಸುವ ಮುನ್ನ ಅರ್ಚಿನ್ ಮಗುಚಿಕೊಳ್ಳುವ ವಿಡಿಯೊ ಗ್ರಾಹಕರಿಗೆ ಕಳಿಸಬೇಕು. ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ದಾಖಲಿಸುತ್ತೇವೆ.

ಲಗತ್ತು: ಬಿಲ್ಲು, ಚೀಲ ತೆರೆದಾಗಿನ ವಿಡಿಯೊ, ನೀರಿನ ಪರೀಕ್ಷೆಯ ಫೋಟೊಗಳು

ಇಂತಿ,
ನಿಮ್ಮ ಗ್ರಾಹಕರು